ಗಾಯದ ಗುರುತು ಮತ್ತು ದ್ರೋಹದ ನೆನಪು: ಘಟ್ಟದ ಕ್ರೈಸ್ತ ಐತಿಹಾಸಿಕ ಕಥನಗಳ ಒಂದು ಓದು

ಹಾಸನ ಜಿಲ್ಲೆಯ ಸಕಲೇಶಪುರ ಸೀಮೆಯ ಮಾರನಹಳ್ಳಿಯು ಘಟ್ಟದ ಮೇಲಿನ ನಾಡು ಮುಗಿದು ಕರಾವಳಿಯ ಇಳಿಜಾರು ಮೊದಲಾಗುವ ಎಡೆಯಲ್ಲಿದೆ. ಹಾಸನದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯು ಆಲೂರು, ಸಕಲೇಶಪುರಗಳ ಬೆಟ್ಟಸಾಲನ್ನು ಬಳಸಿ, ದೋಣಿಗಲ್ಲನ್ನು ದಾಟಿ, ಈ ಊರಿನಿಂದ ಮುಂದೆ ಕೆಂಪುಹೊಳೆಯ ಕಾಡಿನೊಳಗೆ ಇಳಿದು ಗುಂಡ್ಯವನ್ನು ಸೇರುತ್ತದೆ. ಇಲ್ಲಿಂದ ಕೆಳಗೆ ತುಳು ಮತ್ತು ಕೊಂಕಣಿಗಳ ಸೀಮೆ, ಮೇಲೆ ಕನ್ನಡದ್ದು. ಭಾಷೆಗಳಂತೆ ಕಥೆಗಳೂ ಇಂಥ ಎಡೆಯಲ್ಲಿ ಎರಡಾಗಿ ಒಡೆಯುತ್ತವೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ನಾಡಿನ ಕ್ರೈಸ್ತರು ಅನುಭವಿಸಿದ ಸೆರೆ ಮತ್ತು ಬಿಡುಗಡೆಯ ಕಥೆಗೂ ಇದೇ ಗತಿ ಒದಗಿದೆ. ಗಾಯದ ಭಾಗ ಘಟ್ಟದ ಕೆಳಗೆ ಕೊಂಕಣಿಯಲ್ಲಿ ಉಳಿದಿದೆ. ಗಾಯ ಮಾಯ್ದ ಭಾಗ ಘಟ್ಟದ ಮೇಲೆ, ಬಹುಮಟ್ಟಿಗೆ ಕನ್ನಡ ನುಡಿಯುವ ರೈತರ ಬಾಯಲ್ಲಿ ಉಳಿದುಬಂದಿದೆ. ಇವೆರಡನ್ನೂ ಒಟ್ಟಿಗೆ ಇರಿಸಿ ನೋಡಿದಾಗ ಕ್ರೈಸ್ತ ಐತಿಹಾಸಿಕ ರಮ್ಯಕಥನವೆಂಬ ಪ್ರಕಾರವು ಯಾವುದನ್ನು ಹೇಳಬಲ್ಲದು, ಯಾವುದನ್ನು ಹೇಳದೆ ಬಿಡುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಈ ಪ್ರಕಾರದ ಸ್ವರೂಪವನ್ನು ಮೊದಲು ಗಮನಿಸಬೇಕು. ಐತಿಹಾಸಿಕ ಕಾಲವೊಂದರ ಹಿನ್ನೆಲೆಯಲ್ಲಿ ದೇಹಕ್ಕೋ ಮನಸ್ಸಿಗೋ ಮಾಯದ ಗಾಯವಾದ ಒಬ್ಬ ವ್ಯಕ್ತಿ. ಆ ವ್ಯಕ್ತಿಗೆ ನಂಬಿದವರಿಂದಲೇ ಆದ ದ್ರೋಹ. ಪ್ರೀತಿ ಮತ್ತು ವಿಶ್ವಾಸಗಳ ಮೂಲಕ ಮರಳಿ ದೊರೆಯುವ ಬದುಕು: ಇದು ಅದರ ಸ್ಥೂಲ ಚೌಕಟ್ಟು. ಅಮೆರಿಕದಲ್ಲಿ 1979ರಲ್ಲಿ ಪ್ರಕಟವಾದ ಜಾನೆಟ್ ಓಕ್ ಅವರ 'ಲವ್ ಕಮ್ಸ್ ಸಾಫ್ಟ್ಲಿ' ಕಾದಂಬರಿಯ ನಂತರ ಇದು ಪ್ರತ್ಯೇಕ ಪ್ರಕಾರವಾಗಿ ಬೆಳೆಯಿತು. 1991ರ ಫ್ರಾನ್ಸಿನ್ ರಿವರ್ಸ್ ಅವರ 'ರಿಡೀಮಿಂಗ್ ಲವ್' ಇದರ ಅತ್ಯಂತ ಪರಿಚಿತ ಮಾದರಿ. ಕ್ಯಾಲಿಫೋರ್ನಿಯದ ಚಿನ್ನದ ಗಣಿಗಳ ಕಾಲದಲ್ಲಿ ನಡೆಯುವ ಈ ಕಥೆಯ ಅಡಿಪಾಯ ಹಳೆಯ ಒಡಂಬಡಿಕೆಯ ಹೋಶೇಯನ ಗ್ರಂಥದಲ್ಲಿದೆ. ತನ್ನನ್ನು ತೊರೆದು ಹೋದ ಹೆಂಡತಿಯನ್ನು ಮರಳಿ ಕರೆತರುವ ಪ್ರವಾದಿಯ ವೃತ್ತಾಂತವದು. ದ್ರೋಹವು ಕಥೆಯ ಕೊನೆಯಲ್ಲ, ನಡು. ಮರಳುವಿಕೆಯೇ ಕೊನೆ ಎಂಬುದು ಈ ಮೂಲದಿಂದ ಪ್ರಕಾರಕ್ಕೆ ಬಂದ ನಿಯಮ.

ಕನ್ನಡ ಜನಪದ ಕಥನಗೀತಗಳ ಪರಿಚಯವುಳ್ಳವರಿಗೆ ಈ ನಿಯಮ ಹೊಸದೆನಿಸುತ್ತದೆ. 'ಕೆರೆಗೆ ಹಾರ'ದಲ್ಲಿ ಭಾಗೀರಥಿಯನ್ನು ಬಲಿಗೊಡುವವರು ಅವಳ ಅತ್ತೆಮಾವಂದಿರೇ. ದಂಡಿನಿಂದ ಮರಳಿದ ಗಂಡ ಮಾದೇವರಾಯನೂ ಅದೇ ಕೆರೆಗೆ ಹಾರುತ್ತಾನೆ. ಅಲ್ಲಿ ಪ್ರೀತಿಯಿದೆ, ದ್ರೋಹವಿದೆ, ಮರಳುವಿಕೆಯಿಲ್ಲ. ಕನ್ನಡದ ಹಾಡು ದ್ರೋಹವನ್ನು ಸಾವಿನವರೆಗೆ ಹಿಂಬಾಲಿಸಿ ಅಲ್ಲಿಯೇ ನಿಲ್ಲುತ್ತದೆ. ಸತ್ತವಳಿಗೆ ನ್ಯಾಯ ದೊರಕಿಸುವ ಗೋಜಿಗೆ ಅದು ಹೋಗುವುದಿಲ್ಲ, ಕೇಳುವವರ ಕರುಳನ್ನು ಮಾತ್ರ ಹಿಂಡುತ್ತದೆ. ಕ್ರೈಸ್ತ ರಮ್ಯಕಥನಕ್ಕೆ ಈ ನಿಲುಗಡೆ ಒಪ್ಪಿಗೆಯಾಗದು. ಆದ್ದರಿಂದಲೇ ಒಂದು ಇಡೀ ಸಮುದಾಯ ಗಾಯಗೊಂಡು ಮರಳಿದ ಪ್ರಸಂಗ ಈ ಪ್ರಕಾರಕ್ಕೆ ತೀರ ಹತ್ತಿರದ್ದು.

ಆ ಪ್ರಸಂಗದ ಸಂಗತಿಗಳು ಇತಿಹಾಸದ ಓದುಗರಿಗೆ ಅಪರಿಚಿತವಲ್ಲ. ಎರಡನೆಯ ಮೈಸೂರು ಯುದ್ಧದಲ್ಲಿ ಜನರಲ್ ಮ್ಯಾಥ್ಯೂಸನ ಸೈನ್ಯ ಮಂಗಳೂರನ್ನು ಹಿಡಿದದ್ದು, 1783ರಲ್ಲಿ ಟಿಪ್ಪು ಸುಲ್ತಾನನು ಮಂಗಳೂರಿಗೆ ಮುತ್ತಿಗೆ ಹಾಕಿದ್ದು, ಕೆನರಾದ ಕ್ಯಾಥೊಲಿಕರು ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಅವರ ಮೇಲೆ ಬಂದದ್ದು, 1784ರ ಫೆಬ್ರವರಿಯಲ್ಲಿ ಅವರನ್ನು ಸಾಮೂಹಿಕವಾಗಿ ಬಂಧಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು, 1799ರ ಮೇ ತಿಂಗಳಲ್ಲಿ ಪಟ್ಟಣ ಬಿದ್ದ ಮೇಲೆ ಉಳಿದವರು ಬಿಡುಗಡೆಯಾದದ್ದು: ಇಷ್ಟು ಚೌಕಟ್ಟು. ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಮೂಲಗಳು ಒಮ್ಮತದಲ್ಲಿಲ್ಲ. ಸ್ವತಃ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿ 30,000 ಎಂದರೆ, ಪಾದ್ರಿ ದ್ಯುಬ್ವಾ 60,000 ಎನ್ನುತ್ತಾನೆ. ಜಮಾಲಾಬಾದ್ ದುರ್ಗದ ದಾರಿಯಾಗಿ ಅವರನ್ನು ಘಟ್ಟ ಹತ್ತಿಸಲಾಯಿತೆಂದು ಸಾಮಾನ್ಯವಾಗಿ ಬರೆಯುತ್ತಾರೆ. ಅದು ಮಾರನಹಳ್ಳಿಗೆ ಉತ್ತರದ ದಾರಿ. ಮಾರನಹಳ್ಳಿಯ ಸಮೀಪದಲ್ಲಿ ಆ ಅರಸನ ಗುರುತಾಗಿ ನಿಂತಿರುವುದು 1792ರ ಸುಮಾರಿಗೆ ಕಟ್ಟಿದ, ಎಂಟು ಮೂಲೆಗಳ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ. ಕ್ರೈಸ್ತರು ಸೆರೆಯಲ್ಲಿದ್ದ ವರ್ಷಗಳಲ್ಲಿಯೇ ಅದು ಎದ್ದಿತು.

ಸೆರೆಯ ದಿನದ ನೆನಪು ಜಾನಪದ ದೃಷ್ಟಿಯಿಂದ ಕುತೂಹಲಕರವಾಗಿದೆ. ಕರಾವಳಿಯ ಪರಂಪರೆಯ ಪ್ರಕಾರ ಬಂಧನ ನಡೆದದ್ದು ಬೂದಿ ಬುಧವಾರದಂದು. ಅನೇಕ ಬರಹಗಳು ಅದಕ್ಕೆ 1784ರ ಫೆಬ್ರವರಿ 24 ಎಂಬ ತಾರೀಖನ್ನೂ ಕೊಡುತ್ತವೆ. ಆದರೆ ಆ ವರ್ಷದ ಈಸ್ಟರ್ ಏಪ್ರಿಲ್ 11ರಂದು ಬಂದಿತ್ತು. ಲೆಕ್ಕ ಹಾಕಿದರೆ ಬೂದಿ ಬುಧವಾರ ಫೆಬ್ರವರಿ 25ಕ್ಕೆ ಬೀಳುತ್ತದೆ, 24 ಮಂಗಳವಾರವಾಗುತ್ತದೆ. ಒಂದು ದಿನದ ಈ ವ್ಯತ್ಯಾಸ ಇತಿಹಾಸಕ್ಕೆ ಅಲ್ಪವಾದದ್ದು. ಸಮುದಾಯದ ನೆನಪು ತಾರೀಖನ್ನಲ್ಲ, ವಾರವನ್ನು ಹಿಡಿದಿದೆ ಎಂಬುದು ಮುಖ್ಯ. ಹಣೆಗೆ ಬೂದಿಯ ಗುರುತು ಹಚ್ಚಿಸಿಕೊಂಡು ಮಣ್ಣಿಗೆ ಮರಳುವ ದೇಹವನ್ನು ನೆನೆಯುವ ದಿನದಂದೇ ತಮ್ಮ ದೇಹಗಳು ಪರಾಧೀನವಾದವು ಎಂಬ ಗ್ರಹಿಕೆಯು ಪಂಚಾಂಗದ ಲೆಕ್ಕಕ್ಕಿಂತ ಬಲವಾದದ್ದು.

ಗಾಯದ ಗುರುತಿನ ವಿಷಯಕ್ಕೆ ಬರುವುದಾದರೆ, 1824ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಸ್ಕರಿಯ ವೃತ್ತಾಂತವು ಪ್ರಧಾನ ಆಕರ. ಹೆಣ್ಣುಮಕ್ಕಳನ್ನು ಹಂಚಿಕೊಟ್ಟ, ಎದುರು ನಿಂತವರ ಮೂಗು, ಕಿವಿ, ಮೇಲ್ದುಟಿಗಳನ್ನು ಕೊಯ್ದ ಪ್ರಸಂಗಗಳನ್ನು ಅವನು ಹೇಳುತ್ತಾನೆ. ಅವನು ಟಿಪ್ಪುವಿನ ಶತ್ರುಪಕ್ಷದವನು, ಸೆರೆಯಲ್ಲಿ ಬಲವಂತದ ಮತಾಂತರಕ್ಕೆ ಒಳಗಾದವನು, ತಪ್ಪಿಸಿಕೊಂಡು ಹಲವು ವರ್ಷಗಳಾದ ಮೇಲೆ ಅವನ ಕಥೆ ಅಚ್ಚಾಯಿತು. ಆದ್ದರಿಂದ ಅದನ್ನು ಎಚ್ಚರದಿಂದ ಓದಬೇಕು. ಆದರೂ ಇನ್ನೊಂದು ಮೂಲದ ಎದುರಿಗೆ ಇಟ್ಟಾಗ ಅದರ ಬೆಲೆ ಬದಲಾಗುತ್ತದೆ. ಆ ಇನ್ನೊಂದು ಮೂಲ ದ್ಯುಬ್ವಾನ ಪತ್ರಗಳು.

ಜ್ಯಾಂ ಆಂತ್ವಾನ್ ದ್ಯುಬ್ವಾ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಪಾದ್ರಿ. 1792ರಲ್ಲಿ ಭಾರತಕ್ಕೆ ಹೊರಟ ಈತನನ್ನು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಚದುರಿದ ಕ್ರೈಸ್ತ ಸಮುದಾಯವನ್ನು ಮರಳಿ ಒಗ್ಗೂಡಿಸಲು ಕರೆಸಲಾಯಿತು. ಗಂಜಾಮಿನಲ್ಲಿ ಈತನ ಹೆಸರಿನೊಂದಿಗೆ ಗುರುತಿಸಲಾಗುವ ಇಗರ್ಜಿ ಇಂದಿಗೂ ಇದೆ. ಈ ನಾಡಿನವರಂತೆ ಉಟ್ಟು, ಉಂಡು, ಅವರ ನಡುವೆಯೇ ಬಾಳಿದ ಈತನ ಹಿಂದೂ ಆಚಾರಗಳ ಕುರಿತ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದು ವಿದ್ವಾಂಸರಿಗೆ ತಿಳಿದ ಸಂಗತಿ. ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಪತ್ರಗಳು 1823ರಲ್ಲಿ ಹೊರಬಂದವು. ಅವುಗಳಲ್ಲಿ ಶ್ರೀರಂಗಪಟ್ಟಣದ ಸೆರೆಯ ಪ್ರಸ್ತಾಪವಿದೆ, ಮತ್ತು ಆ ಪ್ರಸ್ತಾಪ ಕಠೋರವಾದುದು. ಇಷ್ಟು ಸಾವಿರ ಜನರಲ್ಲಿ ತಾನು ಕ್ರೈಸ್ತನೆಂದು ಹೇಳಿ ಸಾಯಲು ಒಬ್ಬನೂ ಮುಂದಾಗಲಿಲ್ಲ, ಇಂಥ ಸಾಮೂಹಿಕ ಧರ್ಮತ್ಯಾಗಕ್ಕೆ ಸಾಟಿಯಿಲ್ಲ ಎಂಬರ್ಥದಲ್ಲಿ ಆತ ಬರೆಯುತ್ತಾನೆ.

ಇಲ್ಲಿ ದ್ರೋಹವೆಂಬ ಪದ ಯಾರ ಮೇಲೆ ಬೀಳುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಸುಲ್ತಾನನ ದೃಷ್ಟಿಯಲ್ಲಿ ಕ್ರೈಸ್ತರು ಪ್ರಭುದ್ರೋಹಿಗಳು. ಕ್ರೈಸ್ತರ ದೃಷ್ಟಿಯಲ್ಲಿ ಪ್ರಜೆಗಳನ್ನು ಕಾಯಬೇಕಾದ ಅರಸನೇ ದ್ರೋಹ ಬಗೆದವನು. ಅವನ ತಂದೆ ಹೈದರಾಲಿಯ ಕಾಲದಲ್ಲಿ ಇದೇ ಸಮುದಾಯಕ್ಕೆ ಆಶ್ರಯವಿತ್ತೆಂಬುದು ಆ ನೋವನ್ನು ಇನ್ನಷ್ಟು ಹೆಚ್ಚಿಸಿತು. ಸೆರೆಯಿಂದ ಬಿಡಿಸಲು ಬರದ ಇಂಗ್ಲಿಷರದು ಮೂರನೆಯ ಬಗೆಯ ದ್ರೋಹವೆನ್ನಬಹುದು: 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿಯೇ ಒಪ್ಪಂದಕ್ಕೆ ಸಹಿ ಬಿದ್ದಾಗ ಈ ಜನ ಸೆರೆಯಲ್ಲಿದ್ದರು. ಕೊನೆಗೆ ದ್ಯುಬ್ವಾನ ದೃಷ್ಟಿಯಲ್ಲಿ ಸೆರೆಯಾದವರೇ ತಮ್ಮ ದೇವರಿಗೆ ದ್ರೋಹ ಬಗೆದವರು. ಗಾಯಗೊಂಡವನ ಮೇಲೆಯೇ ದ್ರೋಹದ ಆರೋಪವೂ ಬೀಳುವ ಈ ಸನ್ನಿವೇಶ ಬೇರೆಲ್ಲಕ್ಕಿಂತ ಕ್ರೂರವಾದುದು.

ಸ್ಕರಿಯ ಮಾತಿಗೆ ಬೆಲೆ ಬರುವುದು ಇಲ್ಲಿಯೇ. ಎದುರು ನಿಂತವರ ಮುಖವನ್ನು ವಿರೂಪಗೊಳಿಸಿದ್ದು ನಿಜವಾದರೆ ಯಾರೂ ಎದುರು ನಿಲ್ಲಲಿಲ್ಲವೆಂಬ ಪಾದ್ರಿಯ ಮಾತು ಪೂರ್ತಿ ನಿಜವಾಗಲಾರದು. ಮುಖದ ಮೇಲಿನ ಗುರುತೇ ದ್ರೋಹದ ಆರೋಪಕ್ಕೆ ಉತ್ತರ. ಸಾಮಾನ್ಯ ರಮ್ಯಕಥನದಲ್ಲಿ ಗಾಯದ ಗುರುತು ನಾಯಕನ ಅಥವಾ ನಾಯಕಿಯ ಅಂದಕ್ಕೆ ಬಂದ ಊನ. ಅದನ್ನು ಕಡೆಗಣಿಸಿ ಒಲಿಯುವುದೇ ಪ್ರೇಮದ ಹಿರಿಮೆ. ಈ ನೆಲದ ಪ್ರಸಂಗದಲ್ಲಿ ಗುರುತನ್ನು ಕಡೆಗಣಿಸುವುದೆಂದರೆ ಸಾಕ್ಷಿಯನ್ನು ಅಳಿಸಿದಂತೆ. ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದಲ್ಲಿ ಪುನರುತ್ಥಾನಗೊಂಡ ಕ್ರಿಸ್ತನ ದೇಹದ ಮೇಲೆ ಮೊಳೆಯ ಗಾಯಗಳು ಉಳಿದೇ ಇರುತ್ತವೆ. ತೋಮನು ನಂಬುವುದು ಅವುಗಳನ್ನು ಕಂಡು. ಮಾಯ್ದ ದೇಹದಲ್ಲಿಯೂ ಗುರುತು ಇರುತ್ತದೆಂಬ ಈ ಕ್ರೈಸ್ತ ಕಲ್ಪನೆಯನ್ನು ಪ್ರಕಾರದ ಜನಪ್ರಿಯ ಕೃತಿಗಳು ಅಷ್ಟಾಗಿ ಬಳಸಿಕೊಂಡಿಲ್ಲ. ಅವುಗಳಿಗೆ ಕೊನೆಯ ಪುಟದೊಳಗೆ ಎಲ್ಲವೂ ಗುಣವಾಗಬೇಕು.

ಕೊಂಕಣಿಯಲ್ಲಿ ಈ ಕಾಲವನ್ನು ಕಾದಂಬರಿಯಾಗಿಸಿದವರಲ್ಲಿ ವಿ.ಜೆ.ಪಿ. ಸಲ್ಡಾನ್ಹಾ ಪ್ರಮುಖರು. 'ಬೆಳ್ತಂಗಡಿಚೊ ಬಾಲ್ತಜಾರ್', 'ದೆವಾಚೆ ಕುರ್ಪೆನ್', 'ಸರ್ದಾರಾಂಚಿ ಸಿನೊಲ್' ಮುಂತಾದ ಅವರ ಕೃತಿಗಳಿಗೆ ಸೆರೆಯ ಕಾಲವೇ ನೆಲೆ. ಮಂಗಳೂರಿನ ಕ್ಯಾಥೊಲಿಕರ ಕೊಂಕಣಿ ಸಾಹಿತ್ಯ ಕನ್ನಡ ಲಿಪಿಯಲ್ಲಿದೆ. ಆದ್ದರಿಂದ ಕನ್ನಡ ಬಲ್ಲವರು ಅದನ್ನು ಅಕ್ಷರ ಕೂಡಿಸಿ ಓದಬಲ್ಲರು, ಅರ್ಥ ಮಾತ್ರ ಅರ್ಧ ದಕ್ಕುತ್ತದೆ. ಒಂದೇ ಲಿಪಿಯಲ್ಲಿದ್ದೂ ಈ ಸಾಹಿತ್ಯ ಕನ್ನಡದ ಐತಿಹಾಸಿಕ ಕಾದಂಬರಿಯ ಚರ್ಚೆಯೊಳಗೆ ಬಾರದೆ ಉಳಿದದ್ದು ನಮ್ಮ ವಿಮರ್ಶೆಯ ಕೊರತೆಯೇ ಸರಿ. ಇತ್ತೀಚಿನ ಇತಿಹಾಸ ಬರವಣಿಗೆಯಲ್ಲಿ ಅಲನ್ ಮಚಾದೊ ಅವರ 1999ರ 'ಸರಸ್ವತೀಸ್ ಚಿಲ್ಡ್ರನ್' ಮಂಗಳೂರು ಕ್ರೈಸ್ತರ ಚರಿತ್ರೆಯನ್ನು ಸಮಗ್ರವಾಗಿ ನೀಡುತ್ತದೆ.

ಕಾದಂಬರಿಗೆ ಒಬ್ಬ ದ್ರೋಹಿ ಬೇಕು. ಸಮುದಾಯದ ನೆನಪಿಗೆ ಒಬ್ಬನೇ ಸಾಲದು, ಒಬ್ಬನೇ ಇರುವುದೂ ಇಲ್ಲ. ಅನೇಕ ಇಗರ್ಜಿಗಳು ನೆಲಸಮವಾದ ಅದೇ ಕಾಲದಲ್ಲಿ ಮೂಡುಬಿದಿರೆಯ ಜೈನ ಚೌಟ ಅರಸರ ಕೋರಿಕೆಯಿಂದ ಹೊಸಬೆಟ್ಟಿನ ಇಗರ್ಜಿ ಉಳಿಯಿತೆಂದು ಅದೇ ಪರಂಪರೆ ಹೇಳುತ್ತದೆ. ಅದೇ ಸುಲ್ತಾನನು 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅಲ್ಲಿನ ಜಗದ್ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆದು ನೆರವು ನೀಡಿದನು. ಆ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರಿಂದ ಬೆಳಕಿಗೆ ಬಂದವು. ಇವನ್ನೆಲ್ಲ ಒಂದೇ ಪಾತ್ರದಲ್ಲಿ ಹಿಡಿಯಲು ರಮ್ಯಕಥನದ ಬುಟ್ಟಿ ಚಿಕ್ಕದು. ರಾಜ್ಯ ಸರ್ಕಾರವು 2015ರಿಂದ ಆಚರಿಸಿ 2019ರಲ್ಲಿ ಕೈಬಿಟ್ಟ ಜಯಂತಿಯ ಸುತ್ತ ಎದ್ದ ವಾದಗಳಲ್ಲಿ ಎರಡೂ ಪಕ್ಷದವರು ಕಾದಂಬರಿಯ ತರ್ಕವನ್ನೇ ಬಳಸಿದರು. ಒಬ್ಬ ನಾಯಕ ಅಥವಾ ಒಬ್ಬ ಖಳ ಅವರಿಗೆ ಬೇಕಾಗಿದ್ದ. ಸೆರೆಯಲ್ಲಿ ಸತ್ತವರ, ಮರಳಿದವರ ಮಾತು ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಮರಳಿದವರ ವಿಷಯವಾಗಿ ದ್ಯುಬ್ವಾನ ಪತ್ರವೇ ಮತ್ತೆ ಆಧಾರ. ಸುಮಾರು 2,000 ಮಂದಿ ತನ್ನ ಬಳಿಗೆ ಬಂದರೆಂದೂ ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಹಿಂದಿರುಗಿ ತಮ್ಮ ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರೆಂದೂ ಆತ ಹೇಳುತ್ತಾನೆ. ತಮ್ಮ ಧರ್ಮತ್ಯಾಗ ಹೊರಗಿನದು ಮಾತ್ರ, ಒಳಗೆ ನಂಬಿಕೆಯನ್ನು ಉಳಿಸಿಕೊಂಡಿದ್ದೆವು ಎಂಬುದು ಅವರ ವಿವರಣೆ. ಪಾದ್ರಿ ಅವರನ್ನು ಸ್ವೀಕರಿಸಿದನು. ಆದರೆ ಮತ್ತೊಮ್ಮೆ ಅಂಥ ಪರೀಕ್ಷೆ ಬಂದರೆ ಮತ್ತೆ ಹಾಗೆಯೇ ಆದೀತೆಂಬ ಅಳುಕನ್ನೂ ಬರೆದಿಟ್ಟನು. ಸ್ವೀಕಾರವೂ ಅಪನಂಬಿಕೆಯೂ ಒಬ್ಬನಲ್ಲಿಯೇ ಕೂಡಿರುವ ಈ ಸ್ಥಿತಿಯು ಪ್ರೇಮಕಥೆಯ ಕ್ಷಮೆಗಿಂತ ಬೇರೆಯಾದುದು. ಹೋಶೇಯನಿಗೆ ಹೆಂಡತಿಯ ಮೇಲೆ ಒಲವಿದ್ದಂತೆ ಈತನಿಗೆ ಈ ಜನರ ಮೇಲೆ ಒಲವಿತ್ತೆಂದು ಹೇಳಲು ಪತ್ರಗಳಲ್ಲಿ ಆಧಾರ ಸಿಗದು. ಒಲವಿನ ಬದಲು ಆತ ಕೊಟ್ಟದ್ದು ನೆಲ ಮತ್ತು ಮದ್ದು.

ನೆಲದ ವಿಷಯ ಹಾಸನ ಸೀಮೆಗೆ ನೇರ ಸಂಬಂಧಿಸಿದ್ದು. ನಿರ್ಗತಿಕರಾದ ಕ್ರೈಸ್ತರಿಗಾಗಿ ದ್ಯುಬ್ವಾ ಬೇಸಾಯದ ವಸಾಹತುಗಳನ್ನು ಸ್ಥಾಪಿಸಿದನು. ಅವುಗಳಲ್ಲಿ ಮುಖ್ಯವಾದುದು ಹಾಸನದ ಬಳಿಯದು. 1897ರ ಆವೃತ್ತಿಯ ಸಂಪಾದಕ ಹೆನ್ರಿ ಬ್ಯೂಚಾಂಪ್ ಅದನ್ನು ಸಾತಳ್ಳಿ ಎಂಬ ರೂಪದಲ್ಲಿ ಹೆಸರಿಸುತ್ತಾನೆ. ಮೈಸೂರು ಸೀಮೆಯಲ್ಲಿ ಕನ್ನಡ ಕ್ರೈಸ್ತರು ಆಗ ಹೊಸಬರಾಗಿರಲಿಲ್ಲ. ಇಟಲಿಯ ಜೆಸ್ವಿತ ಲಿಯೊನಾರ್ಡೊ ಚಿನ್ನಾಮಿಯು 1648ರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿ ಮಿಷನ್ ಆರಂಭಿಸಿದ್ದನು. 1773ರಲ್ಲಿ ಜೆಸ್ವಿತ ಸಂಘವೇ ರದ್ದಾದ ಮೇಲೆ ಗುರುಗಳಿಲ್ಲದೆ ಸೊರಗಿದ ಸಮುದಾಯ ಅದು. ಕರಾವಳಿಯವರು ಮರಳಲು ಅವರದೇ ಊರಿತ್ತು. ಘಟ್ಟದ ಮೇಲಿನ ದಿಕ್ಕಿಲ್ಲದವರಿಗೆ ಉಳುವ ನೆಲವೇ ಮರಳುವ ಊರಾಯಿತು.

ಮದ್ದಿನ ವಿಷಯ ಗುರುತಿನ ಅರ್ಥವನ್ನೇ ತಿರುಗಿಸುತ್ತದೆ. ದನದ ಸಿಡುಬಿನ ಲಸಿಕೆ 1802ರ ಜೂನ್‌ನಲ್ಲಿ ಮುಂಬಯಿಗೆ ಬಂದಿತು. ಮರುವರ್ಷವೇ ದ್ಯುಬ್ವಾ ಮೈಸೂರು ಸೀಮೆಯಲ್ಲಿ ಅದರ ಪ್ರಚಾರಕ್ಕೆ ತೊಡಗಿದನು. 1803-04ರಲ್ಲಿ 25,432 ಮಂದಿಗೆ ಲಸಿಕೆ ಹಾಕಿದ ದಾಖಲೆಯಿದೆ. ಸಿಡುಬನ್ನು ಅಮ್ಮನೆಂದು ಕರೆದು, ಬೇವಿನ ಸೊಪ್ಪು ಕಟ್ಟಿ, ಅವಳು ಮುನಿಯದಂತೆ ತಣ್ಣಗೆ ಕಳುಹಿಸಿಕೊಡುವ ನಾಡಿನಲ್ಲಿ ಇದು ಸುಲಭದ ಕೆಲಸವಾಗಿರಲಾರದು. ಅಮ್ಮ ಬಂದು ಹೋದ ಮುಖದ ಕುಳಿಗಳು ಜೀವನಪರ್ಯಂತ ಉಳಿಯುವಂಥವು. ಲಸಿಕೆಯು ತೋಳಿನ ಮೇಲೆ ಉಳಿಸುವ ಗುರುತು ಆ ಕುಳಿಗಳನ್ನು ತಡೆಯುವಂಥದು. ಇದೇ ಕಾಲದ, 1805ರ ಸುಮಾರಿನ, ಥಾಮಸ್ ಹಿಕಿಯ ವರ್ಣಚಿತ್ರವೊಂದರಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಬಲಗಡೆಯವಳು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದನ್ನೂ ಎಡಗಡೆಯವಳ ಬಾಯಿಯ ಸುತ್ತ ಬಣ್ಣ ಮಾಸಿರುವುದನ್ನೂ ಗಮನಿಸಿ, ಇದು ಮೈಸೂರು ಅರಮನೆಯಲ್ಲಿ ಲಸಿಕೆಯ ಪ್ರಚಾರಕ್ಕೆಂದು ಬರೆಸಿದ ಚಿತ್ರವೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದರು. ವಾದ ಎಲ್ಲರಿಗೂ ಒಪ್ಪಿಗೆಯಾಗಿಲ್ಲವಾದರೂ, ಅದು ಸರಿಯಾದಲ್ಲಿ ಒಂದೇ ಚಿತ್ರದಲ್ಲಿ ಹಳೆಯ ಗುರುತು, ಹೊಸ ಗುರುತುಗಳೆರಡೂ ಅಕ್ಕಪಕ್ಕ ನಿಂತಿವೆ. ಪ್ರೇಮಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ.

ಕರಾವಳಿಯಲ್ಲಿ ಮರಳಿದವರ ಮದುವೆಗಳಲ್ಲಿ ರೋಸ್ ಎಂಬ ವಿಧಿ ಇಂದಿಗೂ ನಡೆಯುತ್ತದೆ. ಮದುವೆಯ ಹಿಂದಿನ ದಿನ ಹೆಣ್ಣಿಗೂ ಗಂಡಿಗೂ ಅವರವರ ಮನೆಯಲ್ಲಿ ಹಿರಿಯರು, ನೆಂಟರು ತೆಂಗಿನ ಹಾಲು ಹಚ್ಚುತ್ತಾರೆ. ವೊವಿಯೊ ಹಾಡುಗಳನ್ನು ಹಾಡುತ್ತಾರೆ. ಇದಕ್ಕೂ ಸೆರೆಗೂ ನೇರ ಸಂಬಂಧ ಕಲ್ಪಿಸುವುದು ಅವಸರದ ತೀರ್ಮಾನವಾದೀತು. ಆದರೆ ಮೈಯ ಚರ್ಮವನ್ನು ಇಡೀ ಬಂಧುಬಳಗ ಕೈಯಾರೆ ಮುಟ್ಟಿ ಹೊಸ ಬದುಕಿಗೆ ಅಣಿಗೊಳಿಸುವ ವಿಧಿಯೊಂದನ್ನು ಹದಿನೈದು ವರ್ಷಗಳ ಸೆರೆಯನ್ನು ಕಂಡ ಸಮುದಾಯ ಬಿಟ್ಟುಕೊಡಲಿಲ್ಲ. ಅಮೆರಿಕದ ಮಾದರಿಯಲ್ಲಿ ಗಾಯಗೊಂಡ ನಾಯಕಿಯನ್ನು ಗುಣಪಡಿಸುವವನು ಒಬ್ಬ ಗಂಡಸು. ಇಲ್ಲಿ ಆ ಕೈಗಳು ಅನೇಕ, ಅವುಗಳಲ್ಲಿ ಹೆಚ್ಚಿನವು ಹೆಂಗಸರವು.

ದ್ಯುಬ್ವಾ 1823ರಲ್ಲಿ ಭಾರತ ಬಿಟ್ಟನು, ಮತ್ತೆ ಮರಳಲಿಲ್ಲ. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಆತನನ್ನು ಈ ಸೀಮೆಯಲ್ಲಿ 'ದೊಡ್ಡ ಸ್ವಾಮಿಯವರು' ಎಂದು ನೆನೆಯುತ್ತಿದ್ದರೆಂದೂ ಆತ ರಾಜಕುಮಾರನೆಂದು ಜನ ಹೇಳುತ್ತಿದ್ದರೆಂದೂ ಬ್ಯೂಚಾಂಪ್ ದಾಖಲಿಸಿದ್ದಾನೆ. ಜನ ಆತನನ್ನು ಅರಸುಮಗನನ್ನಾಗಿಸಿದ್ದು ಜನಪದ ಕಥನದ ಸಹಜ ರೀತಿ. ಕೈಹಿಡಿದು ಎತ್ತಿದವನಿಗೆ ಅದು ಕೊಡಬಲ್ಲ ದೊಡ್ಡ ಪದವಿ ಅದೇ. ಅವರ ಹಿರಿಯರನ್ನು ಧರ್ಮತ್ಯಾಗಿಗಳೆಂದು ಕರೆದ ಪತ್ರಗಳು ಆತ ಊರು ಬಿಟ್ಟ ವರ್ಷವೇ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದವು. ಹಾಸನದ ಬಳಿಯ ಹೊಲಗಳಲ್ಲಿ ದೊಡ್ಡ ಸ್ವಾಮಿಯವರ ಹೆಸರು ಹೇಳುತ್ತಿದ್ದವರ ಭಾಷೆ ಕನ್ನಡ.